ಹೈಫಾ ವಿಜಯದಲ್ಲಿ ಮೈಸೂರು ಅಶ್ವದಳ

ಮೊದಲನೆಯ ಮಹಾಯುದ್ಧದಲ್ಲಿ, 1918ನೆಯ ಇಸವಿ ಸೆಪ್ಟೆಂಬರು 23ರಂದು, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವು ತುರ್ಕರ ಕೈತಪ್ಪಿದುದನ್ನು ಕೇವಲ ರಾವುತರ ಸಾಹಸವೆಂದು ವರ್ಣಿಸುವುದು ವಾಡಿಕೆಯಾಗಿದೆ. ಯುದ್ಧತಂತ್ರವನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ಅಪೂರ್ಣವೆಂದು ತೋರುವುದು. ಸೇನಾಪತಿ ಅಲೆನ್‌ಬಿಯು ಜೋರ್ಡಾನ್ ಕಣಿವೆಯಲ್ಲಿ ಹುಸಿಕುದುರೆಗಳನ್ನು ನಿಲ್ಲಿಸಿ ಶತ್ರುವಿನ ದೃಷ್ಟಿಯನ್ನು ಪೂರ್ವಕ್ಕೆ ಸೆಳೆದು, 19ರಂದು ಪಶ್ಚಿಮದ ಕಡಲತೀರದಲ್ಲಿ ಪದಾತಿಗಳಿಂದ ವ್ಯೂಹವನ್ನು ಭೇದಿಸಿದನು. ಆ ದಾರಿಯಾಗಿಯೇ ಅಶ್ವಸೈನ್ಯವು ಉತ್ತರಕ್ಕೆ ನುಗ್ಗಿತು. ಮುಂದಿನ ದಂಡಯಾತ್ರೆಗೆ ಸಾಮಗ್ರಿಗಳನ್ನಿಳಿಸಲು ಹೈಫಾ ಬಂದರು ಬೇಕಾಗಿದ್ದಿತು. ದಾರಿಯ ಒಂದು ಕಡೆ ಕಿಷೋನ್ ಹೊಳೆಯ ಜೌಗುನೆಲ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟದ ಫಿರಂಗಿಗಳು. ಮೈಸೂರು ದಳದ ಒಂದು ತುಕಡಿಯು ಬೆಟ್ಟವನ್ನೇರಿ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಜೋಧಪುರದ ದಳವು ಪಟ್ಟಣದ ಮೇಲೆ ಏರಿಹೋಯಿತು. ಅದರ ಮೇಜರ್ ದಲಪತ್‌ಸಿಂಗನು ಮಡಿದನು. ಪಟ್ಟಣವನ್ನು ಹೊಕ್ಕವರಿಗೆ ಸಂದ ಕೀರ್ತಿಯಲ್ಲಿ ಬೆಟ್ಟವನ್ನೇರಿದವರಿಗೂ ಸಮಭಾಗವುಂಟೆಂದು ತಿಳಿಯತಕ್ಕದ್ದು.