ಕಣದಷ್ಟು ಜಾಗ, ಎಂಟು ಮಕ್ಕಳು

ಕಳೆದ ಬೇಸಿಗೆಯಲ್ಲಿ ದೈಹಿಕ ಶಿಕ್ಷಕರ ಶಿಬಿರವೊಂದಕ್ಕೆ ಹೋಗಿದ್ದೆ. ಯುವ ತರಬೇತುದಾರರೊಬ್ಬರು ನಾಲ್ಕು ಕೋನ್ ಇಟ್ಟು, ನಾಲ್ವರೆದುರು ನಾಲ್ವರನ್ನು ಆಡಿಸಿ ತೋರಿಸಿದರು. "ಇದು ಯುರೋಪಿನಿಂದ ಈಗಷ್ಟೇ ಬಂದ ಪದ್ಧತಿ, ಟರ್ಫ್ ಇಲ್ಲದೆ ನಡೆಯೋದಿಲ್ಲ" ಎಂದರು. ಆ ಮಾತಿನ ಎರಡೂ ಭಾಗ ತಪ್ಪು. ಗೊಟಗೋಡಿ ಸುತ್ತಮುತ್ತಲಿನ ಶಾಲೆಗಳ ಅಂಗಳದಲ್ಲಿ ಇಪ್ಪತ್ತೈದು ವರ್ಷ ಸೀಟಿ ಊದಿದ ನಾನು, ಕಿರು ಫುಟ್‌ಬಾಲ್ ನಡೆದುಬಂದ ದಾರಿಯನ್ನು ಒಮ್ಮೆ ಬರೆದಿಡಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲ ಹಂತ ಚಿಕ್ಕದು. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊ ನಗರದ ವೈ.ಎಂ.ಸಿ.ಎ.ಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಐವರ ಫುಟ್‌ಬಾಲ್ ಆಡಿಸಿದರು. ಇವತ್ತಿನ ಫುಟ್ಸಾಲ್ ಹುಟ್ಟಿದ್ದು ಅಲ್ಲಿ. ನಮ್ಮ ದೇಶದಲ್ಲಿ 1950ರಿಂದ 1963ರವರೆಗೆ ರಾಷ್ಟ್ರೀಯ ತಂಡವನ್ನು ತಿದ್ದಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಮಾಸ್ತರರಾಗಿದ್ದವರು. ಚೆಂಡನ್ನು ಕಾಲಲ್ಲೇ ಎಳೆದುಕೊಂಡು ಹೋಗುವಂತಿಲ್ಲ ಎಂಬ ಪಂದ್ಯಾವಳಿ, ಬಲವಿಲ್ಲದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಾವಳಿ ಅವರು ನಡೆಸಿದ್ದರು. ಒಂದು ನಿಯಮ ಬದಲಿಸಿದರೆ ಆಟವೇ ಪಾಠ ಹೇಳುತ್ತದೆ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ನಮ್ಮ ತರಬೇತಿ ತರಗತಿಗಳಲ್ಲಿ ರಹೀಮರ ಹೆಸರು ಪದಕಗಳ ಪಟ್ಟಿಯಲ್ಲಿ ಬರುತ್ತದೆ, ಅವರ ವಿಧಾನ ಬರುವುದಿಲ್ಲ.

ಕರ್ನಾಟಕದ ಫುಟ್‌ಬಾಲ್ ಎಂದರೆ ಬೆಂಗಳೂರಿನ ಕಂಟೋನ್ಮೆಂಟಿನ ಕಥೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಅಲ್ಲಿಯವರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ರಹೀಮರ ತಂಡದಲ್ಲಿದ್ದ ಅರುಮೈನಾಯಗಂ ಕೂಡ ಬೆಂಗಳೂರಿನವರೇ. ಆಗಿನ ಮೈಸೂರು ರಾಜ್ಯದ ತಂಡ 1946–47ರಿಂದ 1968–69ರವರೆಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಎತ್ತಿತು. ಐದನೆಯದು ಕರ್ನಾಟಕದ ಹೆಸರಿನಲ್ಲಿ ಬಂದದ್ದು 54 ವರ್ಷ ಕಳೆದು, 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ. ಈ ಇತಿಹಾಸ ಬರೆಯುವವರು ಕಪ್‌ಗಳನ್ನು ಎಣಿಸುತ್ತಾರೆ. ಇಂಥ ಕಾಲುಗಳು ಎಷ್ಟು ಅಗಲದ ಜಾಗದಲ್ಲಿ, ಎಷ್ಟು ಮಂದಿಯೊಂದಿಗೆ ಆಡಿ ಪಳಗಿದವು ಎಂದು ಕೇಳಿದವರು ವಿರಳ.

ನಮ್ಮ ಪೀಳಿಗೆಗೆ ಕಲಿಸಿದ್ದು ಸಾಲು. ತೊಂಬತ್ತರ ದಶಕದಲ್ಲಿ ನಾವು ಕಲಿತ ಡ್ರಿಲ್ ಎಂದರೆ ಮೂವತ್ತು ಹುಡುಗರು, ಒಂದು ಚೆಂಡು, ಉದ್ದನೆಯ ಸರತಿ. ಒಬ್ಬನಿಗೆ ಹತ್ತು ಸೆಕೆಂಡು ಎಂದರೂ ಮತ್ತೆ ಅವನ ಪಾಳಿ ಬರಲು ಐದು ನಿಮಿಷ. ಬಾಕಿ ಹೊತ್ತು ಅವನು ಮುಂದಿನವನ ಬೆನ್ನು ನೋಡುತ್ತ ನಿಂತಿರುತ್ತಾನೆ. ಕಾಯುವುದನ್ನೇ ನಾನೂ ವರ್ಷಗಟ್ಟಲೆ ಕಲಿಸಿದೆ. ಆ ಮಕ್ಕಳ ಮುಖಗಳು ಇನ್ನೂ ನೆನಪಿವೆ.

ದಾರಿ ಬದಲಾದದ್ದು ಡಚ್ಚರಿಂದ. ಬೀದಿಯಲ್ಲಿ ಮಕ್ಕಳ ಆಟ ಕಡಿಮೆಯಾಯಿತೆಂದು ಅವರ ಫುಟ್‌ಬಾಲ್ ಸಂಸ್ಥೆ ಎಂಬತ್ತರ ದಶಕದಲ್ಲಿ ನಾಲ್ವರೆದುರು ನಾಲ್ವರ ಆಟವನ್ನೇ ಪಾಠವಾಗಿ ಹಿಡಿಯಿತು. ಬೀದಿಯಲ್ಲಿ ಕಳೆದುಹೋದದ್ದನ್ನು ಮೈದಾನದಲ್ಲಿ ಮರಳಿ ಪಡೆಯುವ ಯತ್ನ ಅದು. ನಮ್ಮ ಊರುಗಳಲ್ಲಿ ಆ ಬೀದಿ ಇನ್ನೂ ಪೂರ್ತಿ ಕಳೆದಿಲ್ಲ ಎಂಬುದನ್ನು ಶಿಬಿರದ ತರಬೇತುದಾರರು ಗಮನಿಸಬೇಕಿತ್ತು.

ನನಗೆ ಗುರುವಾದವರು ಜರ್ಮನಿಯ ಹಾರ್ಸ್ಟ್ ವೈನ್. ಅವರು ಮೂಲತಃ ಹಾಕಿಯವರು. 1980ರ ಮಾಸ್ಕೊ ಒಲಿಂಪಿಕ್ಸಿನಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ಭಾರತ ತಂಡ ಫೈನಲ್‌ನಲ್ಲಿ 4–3ರಿಂದ ಮಣಿಸಿದ ಸ್ಪೇನ್ ತಂಡಕ್ಕೆ ತರಬೇತಿ ಕೊಟ್ಟವರು ಇವರೇ. ಮುಂದೆ ಮಕ್ಕಳಿಗಾಗಿ ಮೂವರೆದುರು ಮೂವರ ಆಟ ಕಟ್ಟಿದರು: ಒಂದೊಂದು ತುದಿಗೂ ಎರಡೆರಡು ಸಣ್ಣ ಗೋಲು, ಗೋಲಿನಿಂದ ಆರು ಮೀಟರ್ ಒಳಗೆ ಬಂದ ಮೇಲಷ್ಟೇ ಹೊಡೆಯಬೇಕು. ಗೋಲು ಒಂದೇ ಇದ್ದರೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಎರಡಿದ್ದರೆ ಮಗು ತಲೆ ಎತ್ತಿ, ಯಾವುದು ಖಾಲಿ ಇದೆ ಎಂದು ನೋಡಲೇಬೇಕು. ಇಷ್ಟು ಸರಳವಾದ, ಇಷ್ಟು ಆಳವಾದ ಉಪಾಯವನ್ನು ನಾನು ಬೇರೆ ಕಂಡಿಲ್ಲ.

ಅನಂತರದ ಹೆಜ್ಜೆಗಳು ಬೇಗ ಬಿದ್ದವು. ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯ ಒಂಬತ್ತರೊಳಗಿನ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಎಂಟೆಂಟು ಮಂದಿಯ ಆಟಕ್ಕಿಂತ ನಾಲ್ವರ ಆಟದಲ್ಲಿ ಪಾಸುಗಳು ಶೇ. 135ರಷ್ಟು ಹೆಚ್ಚಿದವು. ಇಂಗ್ಲೆಂಡ್ 2012ರಲ್ಲಿ ಕಿರಿಯರಿಗೆ ಐವರ ಆಟವನ್ನು ಒಪ್ಪಿತು. ಜರ್ಮನಿ 2024ರಿಂದ ಎಳೆಯರ ಪಂದ್ಯಗಳನ್ನು ಕಿರು ಆಟಗಳಾಗಿಯೇ ನಡೆಸುತ್ತಿದೆ. ನಮ್ಮ ರಾಷ್ಟ್ರೀಯ ಫೆಡರೇಷನ್ ಶುರುಮಾಡಿದ್ದ ಬೇಬಿ ಲೀಗ್ ಕೂಡ ಇದೇ ಜಾಡಿನದಾಗಿತ್ತು.

ನಾನು ಆಡಿಸುವ ರೀತಿ ಹೀಗೆ. ಇಪ್ಪತ್ತೈದು ದಾಪು ಉದ್ದ, ಇಪ್ಪತ್ತು ಅಗಲ. ನಮ್ಮ ಕಡೆಯ ಒಂದು ದೊಡ್ಡ ಕಣದಷ್ಟು ಜಾಗ. ನಾಲ್ಕು ಮೂಲೆಗೆ ಎರಡೆರಡು ಇಟ್ಟಿಗೆ, ಅವೇ ಗೋಲು. ಒಂದು ಕಡೆಗೆ ನಾಲ್ವರು, ಗೋಲ್‌ಕೀಪರ್ ಇಲ್ಲ. "ಸರ್, ನಾ ಗೋಲಿಗೆ ನಿಲ್ಲಂಗಿಲ್ಲ" ಎಂಬ ಜಗಳವೂ ಅಲ್ಲಿಗೆ ಮುಗಿಯಿತು. ಮೂರು ನಿಮಿಷ ಆಟ, ಒಂದು ನಿಮಿಷ ನೀರು. ಪಾಸು ಕೂಡದಿದ್ದರೆ ಇಟ್ಟಿಗೆ ಸರಿಸಿ ಅಂಗಳ ಅಗಲಿಸುತ್ತೇನೆ. ಕಾಲುಗಳು ಚುರುಕಾಗಬೇಕಿದ್ದರೆ ಕಿರಿದು ಮಾಡುತ್ತೇನೆ. ಒಂದು ಸುತ್ತಿಗೆ ಒಮ್ಮೆ ಮಾತ್ರ ಸೀಟಿ ಊದುತ್ತೇನೆ, ಅದೂ ಅಪ್ಪಣೆ ಕೊಡುವುದಕ್ಕಲ್ಲ. "ಎಡಕ್ಕ ಯಾರಿದ್ರು? ನೋಡೀದಿ?" ಎಂದು ಕೇಳಿದರೆ ಸಾಕು, ಮುಂದಿನ ಸಲ ಆ ಹುಡುಗಿ ಚೆಂಡು ಬರುವ ಮೊದಲೇ ಎಡಕ್ಕೆ ಕಣ್ಣು ಹಾಯಿಸುತ್ತಾಳೆ.

ಹುಡುಗಿ ಎಂದೆ. ಹನ್ನೊಂದು ಮಂದಿ ಇಲ್ಲವೆಂಬ ಕಾರಣಕ್ಕೇ ಹಳ್ಳಿಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡ ಹುಟ್ಟದೆ ಉಳಿಯುತ್ತದೆ. ನಾಲ್ವರು ಎಲ್ಲ ಊರಲ್ಲೂ ಸಿಗುತ್ತಾರೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ನಾಲ್ವರ ಆಟಕ್ಕೊಂದು ಜಾಗ ಸಿಕ್ಕರೆ ಎಷ್ಟು ಹೊಸ ತಂಡಗಳು ಬರಬಹುದೆಂದು ಅವುಗಳನ್ನು ನಡೆಸುವವರು ಲೆಕ್ಕ ಹಾಕಿ ನೋಡಲಿ. ಮತ್ತೊಂದು ಕೊರತೆ ಪುಸ್ತಕದ್ದು. ನನ್ನ ಕಪಾಟಿನಲ್ಲಿರುವ ಫುಟ್‌ಬಾಲ್ ತರಬೇತಿ ಪುಸ್ತಕಗಳೆಲ್ಲ ಇಂಗ್ಲಿಷಿನವು. ಅವುಗಳ ಚಿತ್ರಗಳಲ್ಲಿ ಹಸಿರು ಹುಲ್ಲಿದೆ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣಿನಲ್ಲಿ, ಮಾರ್ಚಿನಲ್ಲಿ ಬಿರುಕುಬಿಟ್ಟ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತದೆಂದು ಅವು ಹೇಳುವುದಿಲ್ಲ. ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿ ಚಿಣ್ಣಿದಾಂಡು, ಲಗೋರಿಗಳನ್ನು ಅಭ್ಯಸಿಸುವವರು, ಊರ ಮಕ್ಕಳು ಜಾಗ ನೋಡಿ, ಜನ ನೋಡಿ ಕಟ್ಟಿಕೊಳ್ಳುವ ಚೆಂಡಾಟದ ನಿಯಮಗಳನ್ನೂ ಬರೆದುಕೊಳ್ಳಲಿ. ಅವು ಒಂದೊಂದು ಓಣಿಗೆ ಒಂದೊಂದು ಥರ.

ಹೋದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಂದವರು ಏಳೇ ಜನ. ಒಬ್ಬ ಕಡಿಮೆಯೆಂದು ನಾನು ಯೋಚಿಸುವಷ್ಟರಲ್ಲಿ ಆರನೆಯ ತರಗತಿಯವಳೊಬ್ಬಳು ತಾನೇ ನಡುವೆ ನಿಂತು, "ಚೆಂಡು ಯಾರ ಕಡೆ ಐತಿ ನಾ ಅವರ ಕಡೆ" ಎಂದಳು. ಮೂವರೆದುರು ಮೂವರು, ಎರಡೂ ಕಡೆಗೆ ಸೇರಿದವಳು ಒಬ್ಬಳು. ಇಂಗ್ಲಿಷ್ ಪುಸ್ತಕಗಳು ಅದಕ್ಕೊಂದು ದೊಡ್ಡ ಹೆಸರು ಕೊಟ್ಟಿವೆ. ಅವಳು ಅವನ್ನು ಓದಿದವಳಲ್ಲ. ನಾನು ಇಟ್ಟಿಗೆ ಎರಡು ದಾಪು ಒಳಗೆ ಸರಿಸಿ, ಸೀಟಿ ಊದಿದೆ.