ವಿಯೆಟ್ನಾಂ ಯುದ್ಧದ ಪ್ರಗತಿ ಮಾಪನ

ದಕ್ಷಿಣ ವಿಯೆಟ್ನಾಂನಲ್ಲಿ ನಡೆಯುತ್ತಿದ್ದ ಯುದ್ಧ ಗೆಲುವಿನತ್ತ ಸಾಗುತ್ತಿದೆಯೇ ಎಂದು ವಾಷಿಂಗ್ಟನ್‌ನಲ್ಲಿ ಕುಳಿತು ತಿಳಿಯಲು ಅಮೆರಿಕ ಸರ್ಕಾರ 1960ರ ದಶಕದಲ್ಲಿ ರೂಪಿಸಿಕೊಂಡ ಅಂಕಿಅಂಶ ಮತ್ತು ವರದಿಗಳ ವ್ಯವಸ್ಥೆ. ಹಿಂದಿನ ಮಹಾಯುದ್ಧಗಳಲ್ಲಿ ಸೇನೆ ಎಷ್ಟು ಮುಂದೊತ್ತಿದೆ ಎಂಬುದನ್ನು ಭೂಪಟದ ಮೇಲೆ ಗೆರೆ ಎಳೆದು ತೋರಿಸಬಹುದಿತ್ತು. ಗೆರಿಲ್ಲಾ ಯುದ್ಧದಲ್ಲಿ ಅಂಥ ರಣರೇಖೆ ಇರಲಿಲ್ಲ. ಹಗಲು ಸರ್ಕಾರದ ಕೈಲಿದ್ದ ಹಳ್ಳಿ ರಾತ್ರಿ ವಿಯೆಟ್‌ಕಾಂಗ್ ಬಂಡುಕೋರರದಾಗುತ್ತಿತ್ತು. ಹೀಗಾಗಿ ಗೆದ್ದ ನೆಲದ ಜಾಗದಲ್ಲಿ ಎಣಿಕೆ ಬಂದು ಕುಳಿತಿತು. ಲೆಕ್ಕ ಕೊಡುವವರ ಯೋಗ್ಯತೆಯನ್ನು ಅದೇ ಲೆಕ್ಕದಿಂದ ಅಳೆಯುತ್ತಿದ್ದುದು ಈ ವ್ಯವಸ್ಥೆಯ ಮೂಲ ದೋಷವಾಗಿತ್ತು.

ಹಿನ್ನೆಲೆ

1961ರಿಂದ 1968ರವರೆಗೆ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರ ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಅಂಕಿಅಂಶ ವಿಭಾಗದಲ್ಲಿ ದುಡಿದು, ಬಳಿಕ ಫೋರ್ಡ್ ಮೋಟಾರು ಕಂಪನಿಯ ಅಧ್ಯಕ್ಷರಾಗಿದ್ದವರು. ಲೆಕ್ಕಕ್ಕೆ ಸಿಗುವುದನ್ನು ಸುಧಾರಿಸಬಹುದೆಂಬ ಅವರ ನಂಬಿಕೆ ಪೆಂಟಗಾನ್‌ನ ಕಾರ್ಯವಿಧಾನವೇ ಆಯಿತು.

ವರದಿಗಳ ಅವಿಶ್ವಾಸಾರ್ಹತೆ ಬೇಗನೇ ಕಂಡಿತು. 1963ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ಸೇನಾಧಿಕಾರಿ ವಿಕ್ಟರ್ ಕ್ರುಲಾಕ್ ಮತ್ತು ವಿದೇಶಾಂಗ ಅಧಿಕಾರಿ ಜೋಸೆಫ್ ಮೆಂಡೆನ್‌ಹಾಲ್ ಅವರನ್ನು ಜೊತೆಯಾಗಿ ದಕ್ಷಿಣ ವಿಯೆಟ್ನಾಂಗೆ ಕಳುಹಿಸಿದರು. ಯುದ್ಧ ಗೆಲುವಿನ ಹಾದಿಯಲ್ಲಿದೆ ಎಂದರು ಕ್ರುಲಾಕ್. ಸೈಗಾನ್ ಸರ್ಕಾರ ಕುಸಿಯುವಂತಿದೆ ಎಂದರು ಮೆಂಡೆನ್‌ಹಾಲ್. ನೀವಿಬ್ಬರೂ ಹೋಗಿದ್ದು ಒಂದೇ ದೇಶಕ್ಕೆ ತಾನೇ ಎಂದು ಕೆನಡಿ ಕೇಳಿದರು. ನವೆಂಬರಿನಲ್ಲಿ ಸೈಗಾನಿನ ಆ ಡಿಯೆಮ್ ಸರ್ಕಾರ ಉರುಳಿದ ಮೇಲೆ, ಅದು ಕೊಟ್ಟಿದ್ದ ಅಂಕಿಗಳು ತಿರುಚಿದವು, ಗ್ರಾಮಾಂತರದ ಸ್ಥಿತಿ ಜುಲೈನಿಂದಲೇ ಹದಗೆಡುತ್ತಿತ್ತು ಎಂದು ಮೆಕ್‌ನಮಾರ ಡಿಸೆಂಬರಿನಲ್ಲಿ ಹೊಸ ಅಧ್ಯಕ್ಷ ಜಾನ್ಸನ್‌ಗೆ ವರದಿ ಮಾಡಿದರು.

ಹೆಣಗಳ ಲೆಕ್ಕ

1965ರಲ್ಲಿ ಅಮೆರಿಕದ ಪದಾತಿ ದಳಗಳು ಇಳಿದ ಮೇಲೆ, ಸತ್ತ ಶತ್ರುಗಳ ಸಂಖ್ಯೆಯೇ ಮುಖ್ಯ ಸೂಚಕವಾಯಿತು. ಶತ್ರು ತುಂಬಿಕೊಳ್ಳುವುದಕ್ಕಿಂತ ವೇಗವಾಗಿ ಅವನ ಪಡೆ ಸವೆದರೆ ಯುದ್ಧ ತಾನಾಗಿ ಮುಗಿಯುತ್ತದೆಂಬುದು ದಂಡನಾಯಕ ವಿಲಿಯಂ ವೆಸ್ಟ್‌ಮೋರ್ಲೆಂಡ್‌ರ ಎಣಿಕೆ. ಆದರೆ ದಳಪತಿಗಳ ಬಡ್ತಿಗೂ ಈ ಸಂಖ್ಯೆಗೂ ನಂಟಿದ್ದುದರಿಂದ ಲೆಕ್ಕ ಉಬ್ಬಿತು. ಸತ್ತ ರೈತರೂ ಶತ್ರುಗಳ ಪಟ್ಟಿಗೆ ಸೇರಿದರು. 1968ರ ಡಿಸೆಂಬರಿನಿಂದ 1969ರ ಮೇ ತನಕ ಮೆಕಾಂಗ್ ಮುಖಜಭೂಮಿಯಲ್ಲಿ ನಡೆದ ‘ಸ್ಪೀಡಿ ಎಕ್ಸ್‌ಪ್ರೆಸ್’ ಕಾರ್ಯಾಚರಣೆಯಲ್ಲಿ ಸುಮಾರು 10,900 ಶತ್ರುಗಳು ಹತರಾದರೆಂದು ಒಂಬತ್ತನೆಯ ಪದಾತಿ ಡಿವಿಷನ್ ಹೇಳಿಕೊಂಡಿತು. ವಶವಾದ ಆಯುಧಗಳು ಮಾತ್ರ 748.

ಹಳ್ಳಿಗಳ ಶ್ರೇಣಿ

ಜನರ ಮೇಲಿನ ಹಿಡಿತವನ್ನು ಅಳೆಯಲು 1967ರ ಜನವರಿಯಲ್ಲಿ ‘ಹ್ಯಾಮ್ಲೆಟ್ ಇವ್ಯಾಲ್ಯುಯೇಷನ್ ಸಿಸ್ಟಂ’ ಜಾರಿಗೆ ಬಂತು. ಜಿಲ್ಲೆಗಳಲ್ಲಿದ್ದ ಅಮೆರಿಕನ್ ಸಲಹೆಗಾರರು 12,000ಕ್ಕೂ ಹೆಚ್ಚು ಹಳ್ಳಿಗಳಿಗೆ ಭದ್ರತೆ ಮತ್ತು ಅಭಿವೃದ್ಧಿಯ 18 ಸೂಚಕಗಳನ್ನು ಆಧರಿಸಿ ‘ಎ’ಯಿಂದ ‘ಇ’ವರೆಗೆ ಪ್ರತಿ ತಿಂಗಳೂ ಶ್ರೇಣಿ ಕೊಡಬೇಕಿತ್ತು; ಪೂರ್ತಿ ವಿಯೆಟ್‌ಕಾಂಗ್ ವಶದಲ್ಲಿದ್ದವಕ್ಕೆ ‘ವಿ’. ಸೈಗಾನಿನ ಕಂಪ್ಯೂಟರು ಅವನ್ನೆಲ್ಲ ಕೂಡಿಸಿ ಇಡೀ ದೇಶಕ್ಕೆ ಒಂದು ಶೇಕಡಾವಾರು ಅಂಕಿ ತೆಗೆಯುತ್ತಿತ್ತು. ಸಲಹೆಗಾರರಲ್ಲಿ ಬಹುಪಾಲು ಜನರಿಗೆ ವಿಯೆಟ್ನಾಮಿ ಭಾಷೆ ಬರುತ್ತಿರಲಿಲ್ಲ. ಎಷ್ಟೋ ಹಳ್ಳಿಗಳನ್ನು ಅವರು ನೋಡಿಯೂ ಇರಲಿಲ್ಲ. 1970ರ ಪರಿಷ್ಕರಣೆಯಲ್ಲಿ ಅವರು ಪ್ರಶ್ನೆಗಳಿಗೆ ಉತ್ತರ ಬರೆದರೆ ಸಾಕಾಗಿ, ಶ್ರೇಣಿ ಕೊಡುವ ಕೆಲಸ ಕಂಪ್ಯೂಟರಿನದಾಯಿತು. ಹೇಳಿಕೇಳಿ ಬರೆದ ಉತ್ತರಗಳ ಕೊರತೆ ಇದರಿಂದ ನೀಗಲಿಲ್ಲ.

ಶತ್ರುಬಲದ ವಿವಾದ

ಎಷ್ಟು ಜನ ಸತ್ತರು ಎಂಬುದಕ್ಕೆ ಅರ್ಥ ಬರಬೇಕಾದರೆ ಒಟ್ಟು ಎಷ್ಟಿದ್ದರು ಎಂಬುದು ಗೊತ್ತಿರಬೇಕು. 1967ರಲ್ಲಿ ಸೇನೆ ಶತ್ರುಬಲವನ್ನು ಸುಮಾರು 3 ಲಕ್ಷದೊಳಗೆ ಇಟ್ಟಿತ್ತು. ಹಳ್ಳಿಗಳ ಅರೆಕಾಲಿಕ ಹೋರಾಟಗಾರರನ್ನೂ ಸೇರಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿ ಎಂದು ಸಿಐಎ ವಿಶ್ಲೇಷಕ ಸ್ಯಾಮ್ ಆಡಮ್ಸ್ ವಾದಿಸಿದರು. ದೊಡ್ಡ ಸಂಖ್ಯೆ ಹೊರಬಿದ್ದರೆ ಪತ್ರಿಕೆಗಳು ಏನು ಬರೆದಾವೆಂಬ ಅಳುಕು ಸೇನೆಗಿತ್ತು; ಕೊನೆಗೆ ಆ ವರ್ಗವನ್ನೇ ಎಣಿಕೆಯಿಂದ ಕೈಬಿಡಲಾಯಿತು. ಈ ಕುರಿತು 1982ರಲ್ಲಿ ಸಾಕ್ಷ್ಯಚಿತ್ರ ಪ್ರಸಾರ ಮಾಡಿದ ಸಿಬಿಎಸ್ ಟಿವಿ ಸಂಸ್ಥೆಯ ಮೇಲೆ ವೆಸ್ಟ್‌ಮೋರ್ಲೆಂಡ್ 12 ಕೋಟಿ ಡಾಲರುಗಳ ಮಾನನಷ್ಟ ಮೊಕದ್ದಮೆ ಹೂಡಿದರು. 1985ರ ಫೆಬ್ರವರಿಯಲ್ಲಿ, ತೀರ್ಪಿಗೆ ಮೊದಲೇ, ಅದು ರಾಜಿಯಲ್ಲಿ ಮುಗಿಯಿತು.

ಟೆಟ್ ದಾಳಿ ಮತ್ತು ಜನಾಭಿಪ್ರಾಯ

ಸೈಗಾನಿನಲ್ಲಿ ನಿತ್ಯ ಸಂಜೆ ನಡೆಯುತ್ತಿದ್ದ ಸೇನಾ ಪತ್ರಿಕಾಗೋಷ್ಠಿಯನ್ನು ವರದಿಗಾರರು ‘ಐದು ಗಂಟೆಯ ಪ್ರಹಸನ’ ಎಂದು ಗೇಲಿ ಮಾಡುತ್ತಿದ್ದರು. 1967ರ ನವೆಂಬರ್ 21ರಂದು ವೆಸ್ಟ್‌ಮೋರ್ಲೆಂಡ್ ವಾಷಿಂಗ್ಟನ್‌ಗೆ ಬಂದು, ಯುದ್ಧದ ಅಂತ್ಯ ಕಣ್ಣಳತೆಗೆ ಬರುತ್ತಿದೆ ಎಂದರು. ಎರಡೂವರೆ ತಿಂಗಳೊಳಗೆ, 1968ರ ಜನವರಿ ಕೊನೆಯಲ್ಲಿ, ಟೆಟ್ ಹಬ್ಬದ ವೇಳೆ ನೂರಕ್ಕೂ ಹೆಚ್ಚು ಪಟ್ಟಣ, ನಗರಗಳ ಮೇಲೆ ಏಕಕಾಲಕ್ಕೆ ದಾಳಿಯಾಯಿತು. ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕೂ ದಾಳಿಕೋರರು ನುಗ್ಗಿದರು. ದಾಳಿ ಮಾಡಿದವರಿಗೇ ಭಾರೀ ಪ್ರಾಣಹಾನಿಯಾಯಿತು. ಲೆಕ್ಕದ ಪ್ರಕಾರ ಅದು ಅಮೆರಿಕದ ಗೆಲುವೇ. ಆದರೆ ಆ ಲೆಕ್ಕವನ್ನು ನಂಬುವವರು ಕಡಿಮೆಯಾಗಿದ್ದರು. ಫೆಬ್ರವರಿ 27ರಂದು ಸಿಬಿಎಸ್‌ನ ವಾಲ್ಟರ್ ಕ್ರಾಂಕೈಟ್ ಯುದ್ಧ ಯಾರೂ ಗೆಲ್ಲದ ಬಿಕ್ಕಟ್ಟಿನಲ್ಲಿ ಸಿಲುಕಿದೆ ಎಂದರು. ಸೇನೆ ಕಳುಹಿಸಿದ್ದೇ ತಪ್ಪೆನ್ನುವವರು ಗ್ಯಾಲಪ್ ಸಮೀಕ್ಷೆಯಲ್ಲಿ 1965ರ ಆಗಸ್ಟಿನಲ್ಲಿ ಶೇ. 24ರಷ್ಟಿದ್ದರೆ, 1968ರ ಆಗಸ್ಟಿಗೆ ಅರ್ಧಕ್ಕಿಂತ ಹೆಚ್ಚಾದರು.

ನಂತರದ ಪ್ರಭಾವ

ಜನರಲ್‌ಗಳನ್ನೇ ಪ್ರಶ್ನಿಸಿ ಡಗ್ಲಸ್ ಕಿನಾರ್ಡ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಣಗಳ ಲೆಕ್ಕ ಪ್ರಗತಿಯ ಸರಿಯಾದ ಅಳತೆ ಎಂದವರು ಬೆರಳೆಣಿಕೆಯಷ್ಟು. ಎಣಿಸಲು ಸುಲಭವಾದುದನ್ನು ಹಿಡಿದು ಉಳಿದುದನ್ನು ಕಡೆಗಣಿಸುವ ತಪ್ಪಿಗೆ ‘ಮೆಕ್‌ನಮಾರ ಹೇತ್ವಾಭಾಸ’ ಎಂಬ ಹೆಸರೇ ನಿಂತಿತು. ಆದರೂ ಅಮೆರಿಕದ ಅಫ್ಘಾನಿಸ್ತಾನ ಯುದ್ಧದಲ್ಲಿ ಯಾವ ಜಿಲ್ಲೆ ಯಾರ ಹಿಡಿತದಲ್ಲಿದೆ ಎಂಬ ಶ್ರೇಣೀಕರಣ ಮತ್ತೆ ಬಂತು. ಅಂಕಿಗಳು ಪ್ರತಿಕೂಲವಾಗುತ್ತಿದ್ದಾಗ ಸೇನೆ ಆ ಸಮೀಕ್ಷೆಯನ್ನೇ ನಿಲ್ಲಿಸಿತೆಂದು ಅಮೆರಿಕ ಸರ್ಕಾರದ ಮೇಲ್ವಿಚಾರಣಾ ಸಂಸ್ಥೆ ‘ಸಿಗಾರ್’ 2019ರಲ್ಲಿ ವರದಿ ಮಾಡಿತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು.