ಸಾಕಣೆ ಮೀನುಗಳ ಬ್ಯಾಕ್ಟೀರಿಯಾ ರೋಗ: ಔಷಧ ಸ್ನಾನ ಯಾವಾಗ, ಎಷ್ಟು?

ಶಿರೋಳ: ಕೃಷ್ಣಾ ಮತ್ತು ಪಂಚಗಂಗಾ ನದಿಗಳು ನರಸೋಬವಾಡಿಯಲ್ಲಿ ಸಂಗಮಿಸುವ ಈ ತಾಲೂಕು ಕಬ್ಬಿನ ಬೆಳೆಗೆ ಹೆಸರಾದಂತೆ ಮಹಾಪೂರಕ್ಕೂ ಹೆಸರಾಗಿದೆ. 2005, 2019 ಮತ್ತು 2021ರ ಪೂರಗಳನ್ನು ನಾವಾರೂ ಮರೆತಿಲ್ಲ. ಪೂರದ ಕೊಳಕು ನೀರು ಹೊಕ್ಕ ಕೆರೆ, ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಬಳಲಿ ಬ್ಯಾಕ್ಟೀರಿಯಾ ರೋಗಗಳಿಗೆ ಸುಲಭವಾಗಿ ತುತ್ತಾಗುತ್ತವೆ. ಮೀನು ಸಾಕುವ ಕುಟುಂಬಗಳ ಉಪಯೋಗಕ್ಕಾಗಿ ಔಷಧ ಸ್ನಾನದ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ರೋಗದ ಗುರುತು

ರೆಕ್ಕೆ ಮತ್ತು ಬಾಲದ ಅಂಚು ಬಿಳುಪೇರಿ ಕೊಳೆಯುವುದು, ಕಿವಿರಿನ ಮೇಲೆ ಹಳದಿ ಮಿಶ್ರಿತ ಬಿಳಿ ಮಚ್ಚೆ ಮೂಡುವುದು ಹೊರಮೈಯ ರೋಗದ ಲಕ್ಷಣಗಳು. ಫ್ಲಾವೊಬ್ಯಾಕ್ಟೀರಿಯಂ ಕಾಲಮ್ನೇರ್ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಹೊಟ್ಟೆ ಉಬ್ಬಿ, ಹುರುಪೆಗಳು ಎದ್ದು ನಿಂತರೆ ಅದು ಜಲೋದರ. ಏರೋಮೊನಾಸ್ ಬ್ಯಾಕ್ಟೀರಿಯಾ ಆಗ ಬಹುತೇಕ ಒಳಾಂಗಗಳನ್ನು ಹೊಕ್ಕಿರುತ್ತದೆ.

ಈ ಭೇದವನ್ನು ಅರಿಯುವುದೇ ಮುಖ್ಯ. ಸ್ನಾನವು ಚರ್ಮ ಮತ್ತು ಕಿವಿರಿಗೆ ತಗಲುವುದೇ ಹೊರತು ಒಳಗಿನ ಸೋಂಕನ್ನು ಗುಣಪಡಿಸದು. ಜಲೋದರಕ್ಕೆ ತಜ್ಞರ ಸಲಹೆಯಂತೆ ಆಹಾರದ ಮೂಲಕವೇ ಔಷಧ ಕೊಡಬೇಕಾಗುತ್ತದೆ.

ಸ್ನಾನದ ಲೆಕ್ಕ

ಉಪ್ಪಿನ ಸ್ನಾನ: 100 ಲೀಟರ್ ನೀರಿಗೆ 2 ಕಿಲೋ ಉಪ್ಪು, 2ರಿಂದ 5 ನಿಮಿಷ.

ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ನಾನ: 100 ಲೀಟರ್ ನೀರಿಗೆ 1 ಗ್ರಾಂ, 10 ನಿಮಿಷ.

ಎರಡನ್ನೂ ಪೂರ್ಣವಾಗಿ ಕರಗಿಸಿದ ಬಳಿಕವೇ ಮೀನನ್ನು ಬಿಡಬೇಕು. ತಗಡಿನ ತೊಟ್ಟಿ ಬೇಡ, ಪ್ಲಾಸ್ಟಿಕ್ ಪಾತ್ರೆ ಇರಲಿ. ಉಪ್ಪುನೀರಿನಲ್ಲಿ ಸತುವು ಬಿಟ್ಟುಕೊಂಡು ಮೀನಿಗೆ ವಿಷವಾಗುತ್ತದೆ. ಮೊದಲು ಎರಡು ಮೂರು ಮೀನುಗಳ ಮೇಲೆ ಪರೀಕ್ಷಿಸಿ ನೋಡಬೇಕು. ಮೀನು ಮಗ್ಗುಲಾಗತೊಡಗಿದರೆ ಕೂಡಲೇ ಶುದ್ಧ ನೀರಿಗೆ ಬಿಡಬೇಕು. ತಂಪು ಹೊತ್ತಿನಲ್ಲಿ, ನೀರಿಗೆ ಗಾಳಿಯಾಡಿಸುತ್ತ ಈ ಕೆಲಸ ಮಾಡುವುದು ಕ್ಷೇಮ.

ಇಡೀ ಹೊಂಡಕ್ಕೆ ಪರ್ಮಾಂಗನೇಟ್ ಹಾಕುವುದಾದರೆ ಲೀಟರಿಗೆ 2 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಒಂದು ಗುಂಟೆ ವಿಸ್ತಾರ, ಒಂದು ಮೀಟರ್ ಆಳದ ಹೊಂಡದಲ್ಲಿ ಸುಮಾರು ಒಂದು ಲಕ್ಷ ಲೀಟರ್ ನೀರಿರುತ್ತದೆ. ಅದಕ್ಕೆ 200 ಗ್ರಾಂ ಸಾಕು. ಉದ್ದ, ಅಗಲ, ಆಳಗಳನ್ನು ಗುಣಿಸುವ ಈ ಲೆಕ್ಕವನ್ನು ಶಾಲೆಯ ಮಕ್ಕಳೇ ಮಾಡಿಕೊಡಬಲ್ಲರು. ಗುಲಾಬಿ ಬಣ್ಣ ಬೇಗನೆ ಕಂದಾದರೆ ನೀರಿನ ಕೊಳೆಯೇ ಔಷಧವನ್ನು ತಿಂದಿತೆಂದು ತಿಳಿಯಬೇಕು.

ಪ್ರತಿಜೀವಕಗಳ ಬಗ್ಗೆ ಎಚ್ಚರ

ಆಕ್ಸಿಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಬೆರೆತು ಶಕ್ತಿಗುಂದುತ್ತದೆ. ಸವುಳು ಜಮೀನಿನ ಬಾವಿಯ ನೀರು ಗಡಸಾಗಿದ್ದರೆ ಇಂಥ ಸ್ನಾನದಿಂದ ಹಣ ವ್ಯರ್ಥ, ರೋಗಾಣುಗಳಿಗೆ ಔಷಧ ನಿರೋಧವೂ ಬೆಳೆಯಬಹುದು. ಮೀನಿನ ಮಾಂಸದಲ್ಲಿ ಇದರ ಶೇಷವು ಕಿಲೋಗೆ 0.1 ಮಿಲಿಗ್ರಾಂ ಮೀರಬಾರದೆಂದು ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್‌ಗಳಿಗೆ ನಿಷೇಧವಿದೆ.

ಸ್ನಾನದ ನೀರನ್ನು ನದಿ, ಕಾಲುವೆಗಳಿಗೆ ಚೆಲ್ಲಬಾರದು. ಪಂಚಗಂಗೆಯು ಈಗಾಗಲೇ ಮಾಲಿನ್ಯದಿಂದ ಬಳಲುತ್ತಿದೆ. ಮೀನು ಸಾಯತೊಡಗಿದರೆ ಆಹಾರವನ್ನು ನಿಲ್ಲಿಸಿ, ಸತ್ತವನ್ನು ದೂರದಲ್ಲಿ ಹೂಳಿ, ಮತ್ಸ್ಯವ್ಯವಸಾಯ ಇಲಾಖೆಯನ್ನು ಸಂಪರ್ಕಿಸಬೇಕೆಂದು ನಮ್ಮ ವಿನಂತಿ.